ಬರೀ 500 ಜನ ಸೇರಿ ಆಜ್ಟೆಕ್ ಸಾಮ್ರಾಜ್ಯನ ಹೇಗೆ ಸೋಲಿಸಿದ್ರು?

ಈ ಪ್ರಶ್ನೆ ತುಂಬಾ ಜನ ಕೇಳ್ತಾರೆ. 1519ರಲ್ಲಿ ಸ್ಪೇನ್‌ನ ದಳಪತಿ ಕೋರ್ಟೆಸ್ ಮೆಕ್ಸಿಕೋ ತೀರದಲ್ಲಿ ಇಳಿದಾಗ ಅವನ ಹತ್ರ ಇದ್ದಿದ್ದು ಹೆಚ್ಚುಕಮ್ಮಿ 500 ಸೈನಿಕರು, 16 ಕುದುರೆ, ಸ್ವಲ್ಪ ಫಿರಂಗಿ ಅಷ್ಟೇ. ಹಾಗಾದ್ರೆ ಗೆದ್ದಿದ್ದು ಬಂದೂಕಿನಿಂದಾನಾ? ಅಲ್ಲ ರೀ, ಅಸಲಿಗೆ ಅವರಷ್ಟೇ ಸೇರಿ ಗೆದ್ದೇ ಇಲ್ಲ.

ಟ್ಲಾಷ್ಕಾಲಾ ಅಂತ ಒಂದು ನಾಡಿತ್ತು, ಸುತ್ತಲೂ ಆಜ್ಟೆಕ್ ಹಿಡಿತದ ಜಾಗಗಳೇ, ವ್ಯಾಪಾರದ ದಾರಿ ಎಲ್ಲಾ ಬಂದ್ ಮಾಡಿದ್ರು, ಅಲ್ಲಿನ ಜನಕ್ಕೆ ಉಡೋಕೆ ಹತ್ತಿ ಬಟ್ಟೆ ಇಲ್ಲ, ಊಟಕ್ಕೆ ಉಪ್ಪಿಲ್ಲ. ದಿನಾ ಸಪ್ಪೆ ಊಟ ಮಾಡೋ ಮನೆಯವರ ಸಿಟ್ಟು ಎಷ್ಟಿರಬೇಕು ಯೋಚಿಸಿ! ಇವರೂ ಮೊದಲು ಕೋರ್ಟೆಸ್ ವಿರುದ್ಧ ಕಾದಾಡಿದವರೇ, ಆಮೇಲೆ ಲೆಕ್ಕ ಹಾಕಿ ಕೈಜೋಡಿಸಿದ್ರು. ಮಾತುಕತೆ ನಡೆಸಿಕೊಟ್ಟಿದ್ದು ಮಲಿಂಟ್ಜಿನ್ ಅನ್ನೋ ಹುಡುಗಿ, ಗುಲಾಮಳಾಗಿ ಸ್ಪ್ಯಾನಿಷರ ಕೈಗೆ ಬಂದವಳು, ಆಜ್ಟೆಕ್ ಜನ ಆಡ್ತಿದ್ದ ನಹುವಾಟ್ಲ್, ಜೊತೆಗೆ ಮಾಯಾ, ಎರಡೂ ಭಾಷೆ ಗೊತ್ತಿತ್ತು ಅವಳಿಗೆ.

1520ರ ಜೂನ್ ಕೊನೇಲಿ ಆಜ್ಟೆಕ್ ರಾಜಧಾನಿ ಟೆನೋಚ್ಟಿಟ್ಲಾನ್ ಜನ ತಿರುಗಿಬಿದ್ದು ಸ್ಪ್ಯಾನಿಷರನ್ನ ರಾತ್ರೋರಾತ್ರಿ ಓಡಿಸಿಬಿಟ್ರು, ನೂರಾರು ಜನ ಸತ್ತರು. ಸೋತು ಬಂದವರಿಗೆ ಜಾಗ ಕೊಟ್ಟು ಉಳಿಸಿದ್ದೂ ಟ್ಲಾಷ್ಕಾಲಾದವರೇ.

ಅಷ್ಟರಲ್ಲಿ ಸಿಡುಬು ಬಂತು. ಆ ನೆಲ ಹಿಂದೆ ಕಂಡೇ ಇಲ್ಲದ ರೋಗ, ಮೈತುಂಬಾ ಬೊಕ್ಕೆ, ಮಗ್ಗುಲು ಬದಲಾಯಿಸೋಕೂ ಆಗ್ತಿರಲಿಲ್ಲ, ಮನೆಯವರೆಲ್ಲಾ ಒಟ್ಟಿಗೆ ಮಲಗಿಬಿಟ್ಟಾಗ ಗಂಜಿ ಕೊಡೋರೂ ಇಲ್ಲದೆ ಎಷ್ಟೋ ಜನ ಹಸಿವಿನಿಂದಾನೇ ಸತ್ತರು. ಹೊಸ ರಾಜ ಕ್ವಿಟ್ಲಾವಾಕ್ ಕೂಡ ಪಟ್ಟಕ್ಕೆ ಬಂದ ಕೆಲವೇ ತಿಂಗಳಲ್ಲಿ ಇದಕ್ಕೇ ಬಲಿಯಾದ. ನನಗೆ ಈ ಕಥೇಲಿ ಅತಿ ಸಂಕಟ ಆಗೋ ಭಾಗ ಇದೇ.

ಟೆನೋಚ್ಟಿಟ್ಲಾನ್ ಇದ್ದಿದ್ದು ಸರೋವರದ ನಡುವೆ, ಹಾಗಾಗಿ ಕೋರ್ಟೆಸ್ 13 ಸಣ್ಣ ಹಡಗು ಮಾಡಿಸಿದ. ಅದರ ಹಲಗೆ, ತೊಲೆ ಎಲ್ಲಾ ಗುಡ್ಡ ದಾಟಿಸಿ ಹೊತ್ತು ತಂದವರು ಸಾವಿರಾರು ಟ್ಲಾಷ್ಕಾಲಾ ಜನ. 1521ರಲ್ಲಿ ಮುತ್ತಿಗೆ ಹಾಕಿದಾಗ ಸ್ಪ್ಯಾನಿಷರು ಸಾವಿರದ ಒಳಗೇ, ಜೊತೆಗಿದ್ದ ಸ್ಥಳೀಯ ಯೋಧರು ಹತ್ತಾರು ಸಾವಿರ. ಚಾಪುಲ್ಟೆಪೆಕ್‌ನಿಂದ ಬರ್ತಿದ್ದ ಕುಡಿಯೋ ನೀರಿನ ಕಾಲುವೆ ಒಡೆದ್ರು, ಒಳಗಿದ್ದವರು ಹಲ್ಲಿ ತಿಂದು, ಉಪ್ಪುನೀರು ಕುಡಿದು ಎರಡೂವರೆ ತಿಂಗಳು ತಡೆದ್ರು. ಆಗಸ್ಟ್ 13ಕ್ಕೆ ಕೊನೇ ರಾಜ ಕ್ವಾವ್ಟೆಮೊಕ್ ದೋಣೀಲಿ ಹೋಗ್ತಿರುವಾಗ ಸಿಕ್ಕಿಬಿದ್ದ, ಅವನನ್ನ ಅಡ್ಡಹಾಕಿದ್ದು ಟ್ಲಾಷ್ಕಾಲಾದವರು ಹೊತ್ತು ತಂದ ಹಲಗೆಗಳಲ್ಲೇ ಕಟ್ಟಿದ ಒಂದು ಹಡಗು.