4000 ಚೂರುಗಳ ಕೀಲಿಕೈ

ಹಳೆಯ ಲ್ಯಾಪ್‌ಟಾಪೊಂದಕ್ಕೆ ಹೊಸದಾಗಿ ಲಿನಕ್ಸ್ ಹಾಕುತ್ತಿದ್ದ ಒಂದು ರಾತ್ರಿ, ಪಾರ್ಟಿಷನ್‌ಗಳ, ಅಂದರೆ ಡಿಸ್ಕ್‌ನ ವಿಭಾಗಗಳ, ಪಟ್ಟಿಯಲ್ಲಿ ಆರಿಸಬೇಕಾದುದನ್ನು ಬಿಟ್ಟು ಅದರ ಮೇಲಿನ ಸಾಲನ್ನು ಆರಿಸಿಬಿಟ್ಟೆ. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಹತ್ತು ಸೆಕೆಂಡೂ ಕಳೆದಿರಲಿಲ್ಲ. 1 ಟೆರಾಬೈಟ್‌ನ ಆ ಪಾರ್ಟಿಷನ್‌ನಲ್ಲಿ ಅಳಿದದ್ದು ಮೊದಲ ಕೆಲವು ಮೆಗಾಬೈಟ್ ಮಾತ್ರ; ಅದರಾಚೆಯ ಒಂದು ಬಿಟ್ ಕೂಡ ಅಲುಗಿರಲಿಲ್ಲ. ಸಾಮಾನ್ಯ ಡಿಸ್ಕ್ ಆಗಿದ್ದರೆ ಇದು ಎದೆಗುಂದಬೇಕಾದ ಪ್ರಸಂಗವೇ ಅಲ್ಲ, ಏಕೆಂದರೆ ಕಡತಗಳನ್ನು ಗುರುತು ಹಿಡಿದು ಹೆಕ್ಕಿ ತೆಗೆಯುವ ತಂತ್ರಾಂಶಗಳು ಬೇಕಾದಷ್ಟಿವೆ. ಆದರೆ ಅದು ಎನ್‌ಕ್ರಿಪ್ಟ್ ಮಾಡಿದ, ಅಂದರೆ ಗೂಢಲಿಪಿಯಲ್ಲಿ ಬರೆದಿಟ್ಟ, ಪಾರ್ಟಿಷನ್ ಆಗಿತ್ತು. ನನಗೆ ಪಾಸ್‌ವರ್ಡ್ ಅಕ್ಷರ ಬಿಡದೆ ನೆನಪಿದ್ದರೂ ಒಳಗಿನ ಒಂದೇ ಒಂದು ಚಿತ್ರವೂ ಮರಳಿ ಸಿಗಲಿಲ್ಲ. ಹೀಗೇಕಾಯಿತು ಎಂದು ಹುಡುಕುತ್ತ ಹೋದಾಗ ತಿಳಿದದ್ದೆಂದರೆ, ಇದು ವ್ಯವಸ್ಥೆಯ ದೋಷವಲ್ಲ, ಅದನ್ನು ಕಟ್ಟಿದವರು ಬೇಕೆಂದೇ ಇಟ್ಟ ಗುಣ.

ಲಿನಕ್ಸ್‌ನಲ್ಲಿ ಡಿಸ್ಕ್‌ನ ಗೂಢಲಿಪೀಕರಣ ನಡೆಯುವುದು ಅದರ ತಿರುಳಾದ ಕರ್ನಲ್‌ನ ಒಳಗೆ, ಡಿಎಂ-ಕ್ರಿಪ್ಟ್ ಎಂಬ ಭಾಗದಲ್ಲಿ. 2004ರಲ್ಲಿ ಕರ್ನಲ್‌ನ 2.6.4ನೆಯ ಆವೃತ್ತಿಯೊಂದಿಗೆ ಬಂದ ಈ ಭಾಗ ಕಡತಗಳನ್ನು ಜೋಡಿಸಿಡುವ ಕಡತವ್ಯವಸ್ಥೆಗೂ ಡಿಸ್ಕ್‌ಗೂ ನಡುವೆ ನಿಂತು, ಕೆಳಗೆ ಇಳಿಯುವ ಪ್ರತಿ ಸೆಕ್ಟರನ್ನು (ಡಿಸ್ಕ್ ಒಮ್ಮೆಗೆ ಓದಿ ಬರೆಯುವ ಸಣ್ಣ ತುಂಡನ್ನು) ಗೂಢಲಿಪಿಗೆ ತಿರುಗಿಸುತ್ತದೆ, ಮೇಲೆ ಬರುವುದನ್ನು ಬಿಡಿಸಿಕೊಡುತ್ತದೆ. ಬಳಕೆಯಾಗುವ ಗಣಿತ ಸಾಮಾನ್ಯವಾಗಿ ಎಇಎಸ್, ಅದನ್ನು ನಡೆಸುವ ಕ್ರಮ ಎಕ್ಸ್‌ಟಿಎಸ್. ಈ ಕ್ರಮದಲ್ಲಿ ಸೆಕ್ಟರ್‌ನ ಕ್ರಮಸಂಖ್ಯೆಯೂ ಲೆಕ್ಕದೊಳಗೆ ಸೇರುವುದರಿಂದ ಒಂದೇ ಮಾಹಿತಿಯನ್ನು ಎರಡು ಕಡೆ ಬರೆದರೂ ಎರಡು ಬೇರೆ ಬೇರೆ ಗೋಜಲುಗಳಾಗಿ ಕಾಣುತ್ತವೆ. ಪಾಸ್‌ವರ್ಡ್ ಏನು, ಅದನ್ನು ಎಲ್ಲಿಡಬೇಕು ಎಂಬ ಚಿಂತೆ ಡಿಎಂ-ಕ್ರಿಪ್ಟ್‌ಗೆ ಇಲ್ಲ. ಅದಕ್ಕೆ ಬೇಕಾದುದು ಒಂದು ಕೀಲಿಕೈ ಮಾತ್ರ. ಆ ಕೀಲಿಕೈಯ ಯೋಗಕ್ಷೇಮ ನೋಡಿಕೊಳ್ಳಲು ಕ್ಲೆಮೆನ್ಸ್ ಫ್ರುವಿರ್ತ್ ಎಂಬವರು ಅದೇ 2004ರಲ್ಲಿ ರೂಪಿಸಿದ ಏರ್ಪಾಡಿನ ಹೆಸರು ಲಕ್ಸ್. ಇಂದು ಫೆಡೋರಾ, ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಬಗೆಗಳನ್ನು ಹಾಕುವಾಗ 'ಡಿಸ್ಕ್ ಎನ್‌ಕ್ರಿಪ್ಟ್ ಮಾಡು' ಎಂದು ಗುರುತು ಹಾಕಿದರೆ ಸಾಮಾನ್ಯವಾಗಿ ಹಿಂದೆ ಕೆಲಸ ಮಾಡುವುದು ಇದೇ.

ನಾವು ಒತ್ತುವ ಪಾಸ್‌ವರ್ಡ್‌ನಿಂದ ಡಿಸ್ಕ್ ನೇರವಾಗಿ ತೆರೆಯುವುದಿಲ್ಲ ಎಂಬುದನ್ನು ಇಲ್ಲಿ ಮೊದಲು ತಿಳಿದಿರಬೇಕು. ಪಾರ್ಟಿಷನ್ ಸಿದ್ಧವಾಗುವಾಗಲೇ ಗಣಕಯಂತ್ರ ಯಾದೃಚ್ಛಿಕವಾಗಿ, ಸಾಮಾನ್ಯವಾಗಿ 512 ಬಿಟ್‌ಗಳ, ಒಂದು ಮೂಲ ಕೀಲಿಕೈಯನ್ನು ಸೃಷ್ಟಿಸುತ್ತದೆ, ಮತ್ತು ಮಾಹಿತಿಯೆಲ್ಲ ಬೀಗಗೊಳ್ಳುವುದು ಅದರಿಂದ. ಈ ಮೂಲ ಕೀಲಿಕೈಯನ್ನು ಪಾರ್ಟಿಷನ್‌ನ ಆರಂಭದಲ್ಲಿರುವ ಹೆಡರ್ ಎಂಬ ಜಾಗದಲ್ಲಿ, ಸ್ಲಾಟ್ ಎಂಬ ಒಂದು ಗೂಡಿನಲ್ಲಿ, ನಮ್ಮ ಪಾಸ್‌ವರ್ಡ್‌ನಿಂದ ಬೀಗ ಹಾಕಿ ಇಡಲಾಗುತ್ತದೆ. ಹಳೆಯ ಲಕ್ಸ್ 1ರಲ್ಲಿ ಇಂಥ 8 ಗೂಡುಗಳಿದ್ದವು, ಲಕ್ಸ್ 2ರಲ್ಲಿ 32ರವರೆಗೆ ಇರಬಹುದು. ಗಂಡನದೊಂದು ಗೂಡು, ಹೆಂಡತಿಯದೊಂದು, ಕಚೇರಿಯ ಯಂತ್ರವಾದರೆ ಅಲ್ಲಿಯ ಆಡಳಿತಗಾರರದೊಂದು ಎಂದು ಬೇರೆ ಬೇರೆ ಪಾಸ್‌ವರ್ಡ್ ಇಟ್ಟುಕೊಂಡರೂ ಪ್ರತಿ ಗೂಡಿನೊಳಗೂ ಇರುವುದು ಅದೇ ಮೂಲ ಕೀಲಿಕೈ. ಪಾಸ್‌ವರ್ಡ್ ಬದಲಾಯಿಸುವಾಗ ಒಂದು ಟೆರಾಬೈಟ್ ಮಾಹಿತಿಯನ್ನು ಮತ್ತೆ ಬರೆಯುವ ಅಗತ್ಯವಿಲ್ಲದಿರುವುದು ಈ ಕಾರಣದಿಂದ.

ಫ್ರುವಿರ್ತ್ ಅವರ ಮುಂದಿದ್ದ ಕಷ್ಟದ ಪ್ರಶ್ನೆ ಕೀಲಿಕೈಯನ್ನು ಇಡುವುದಲ್ಲ, ಅಳಿಸುವುದು. ಹಳೆಯ ಪಾಸ್‌ವರ್ಡ್ ಬೇರೆಯವರಿಗೆ ತಿಳಿದುಹೋಯಿತೆಂದು ಆ ಗೂಡನ್ನು ಅಳಿಸಿದೆವು ಎನ್ನೋಣ. ಆದರೆ ಹಾರ್ಡ್ ಡಿಸ್ಕ್‌ಗಳು ಕೆಡುತ್ತಿರುವ ಸೆಕ್ಟರನ್ನು ತಾವಾಗಿಯೇ ಬದಿಗಿಟ್ಟು ಬೇರೊಂದನ್ನು ಬಳಸತೊಡಗುತ್ತವೆ. ಬದಿಗಿಟ್ಟ ಸೆಕ್ಟರ್‌ನಲ್ಲಿ ಹಳೆಯ ಬರಹ ಉಳಿದೇ ಇರುತ್ತದೆ, ನಮ್ಮ ಅಳಿಸುವ ಆದೇಶ ಅಲ್ಲಿಗೆ ಮುಟ್ಟುವುದೇ ಇಲ್ಲ. ಕೀಲಿಕೈ 64 ಬೈಟ್‌ನದು ಮಾತ್ರ, ಒಂದು ಸೆಕ್ಟರ್‌ನೊಳಗೆ ಸುಲಭವಾಗಿ ಅಡಗುತ್ತದೆ. ಹಾಗಾದರೆ ಅದನ್ನು ದೊಡ್ಡದು ಮಾಡಿಬಿಡೋಣ ಎಂಬುದು ಅವರ ಉತ್ತರ.

ಇದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ನನ್ನ ಗುಟ್ಟಿನ ಅಂಕಿ 7 ಎಂದುಕೊಳ್ಳಿ. ಮನಸ್ಸಿಗೆ ಬಂದಂತೆ 3, 9, 4 ಎಂದು ಮೂರು ಚೀಟಿಗಳಲ್ಲಿ ಬರೆಯುತ್ತೇನೆ, ಕೂಡಿದರೆ 16. ಮೊತ್ತದ ಕೊನೆಯ ಅಂಕಿ 7 ಆಗುವಂತೆ ನಾಲ್ಕನೆಯ ಚೀಟಿಯಲ್ಲಿ 1 ಎಂದು ಬರೆಯುತ್ತೇನೆ. ನಾಲ್ಕೂ ಚೀಟಿ ಇದ್ದವರಿಗೆ ಗುಟ್ಟು ತಕ್ಷಣ ಗೊತ್ತಾಗುತ್ತದೆ. ಯಾವುದೇ ಒಂದು ಚೀಟಿ ಕಳೆದರೆ ಮಿಕ್ಕ ಮೂರರಿಂದ ಅರ್ಧ ಗುಟ್ಟೂ ಸಿಗುವುದಿಲ್ಲ, ಹತ್ತು ಅಂಕಿಗಳಲ್ಲಿ ಯಾವುದು ಬೇಕಾದರೂ ಆಗಿರಬಹುದು. ಲಕ್ಸ್ ಮಾಡುವುದೂ ಇದನ್ನೇ, ಆದರೆ ಚೀಟಿಗಳು 4000. 64 ಬೈಟ್‌ನ ಕೀಲಿಕೈ ಉಬ್ಬಿ 2,56,000 ಬೈಟ್ ಆಗುತ್ತದೆ. ಬರಿಯ ಕೂಡಿಕೆಯಾದರೆ ಒಂದು ಬಿಟ್ ಹೋದಲ್ಲಿ ಒಂದೇ ಬಿಟ್‌ನ ಅನುಮಾನ ಉಳಿಯುತ್ತಿತ್ತು. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಹ್ಯಾಶ್ ಎಂಬ ಕಲಸುವ ಕ್ರಿಯೆಯನ್ನು ಸೇರಿಸಿ, ಎಲ್ಲೋ ಒಂದು ಬಿಟ್ ಮಗುಚಿದರೂ ಕೀಲಿಕೈ ಪೂರ್ತಿ ಕೆಡುವಂತೆ ಮಾಡಲಾಗಿದೆ. ಅಳಿಸುವವನ ದೃಷ್ಟಿಯಿಂದ ಇದಕ್ಕಿಂತ ಜಾಣತನವಿಲ್ಲ, ಏಕೆಂದರೆ ಕಾಲು ಮೆಗಾಬೈಟ್‌ನಲ್ಲಿ ಯಾವ ಮೂಲೆ ಅಳಿದರೂ ಸಾಕು. ಹಳೆಯ ಲ್ಯಾಪ್‌ಟಾಪನ್ನು ಮಾರುವ ಮುನ್ನ ಎಲ್ಲ ಗೂಡುಗಳನ್ನು ಒಂದೇ ಆದೇಶದಿಂದ ಅಳಿಸಿ ಇಡೀ ಡಿಸ್ಕನ್ನು ಓದಲಾರದಂತೆ ಮಾಡಬಹುದಾದದ್ದು ಇದರಿಂದಲೇ. ಉಳಿಸಿಕೊಳ್ಳಬೇಕಾದವನಿಗೆ ಅದೇ ಜಾಣತನ ಮುಳುವಾಗುತ್ತದೆ.

ಲಕ್ಸ್ 2ರ ಹೆಡರ್ ಮಾಮೂಲಾಗಿ 16 ಮೆಗಾಬೈಟ್, ಅಂದರೆ 1 ಟೆರಾಬೈಟ್‌ನ ಸುಮಾರು ಅರವತ್ತು ಸಾವಿರದಲ್ಲೊಂದು ಪಾಲು. ಆ ಪಾಲಿನ ಹೊರಗೆ ಹಾನಿಯಾದರೆ ಭಯಪಡುವಂಥದ್ದು ಹೆಚ್ಚೇನಿಲ್ಲ: ಎಕ್ಸ್‌ಟಿಎಸ್ ಕ್ರಮದಲ್ಲಿ ಒಂದು ಬಿಟ್ ಕೆಟ್ಟರೆ ಅದು ಸೇರಿದ 16 ಬೈಟ್ ಮಾತ್ರ ಅರ್ಥಹೀನವಾಗುತ್ತದೆ, ಒಂದು ಚಿತ್ರದಲ್ಲಿ ಗೆರೆ ಮೂಡಬಹುದು. ಹೆಡರ್‌ನ ಒಳಗೂ ಎಲ್ಲ ಭಾಗ ಸಮಾನವಲ್ಲ. ಗೂಡುಗಳ ವಿವರ ಬರೆದಿರುವ ಪಟ್ಟಿಗೆ ಲಕ್ಸ್ 2 ಎರಡು ಪ್ರತಿಗಳನ್ನು ಇಡುತ್ತದೆ, ಒಂದು ಕೆಟ್ಟರೆ ಇನ್ನೊಂದರಿಂದ ಸರಿಪಡಿಸಿಕೊಳ್ಳುತ್ತದೆ. ಆದರೆ ಕೀಲಿಕೈ ಚೂರುಗಳಿರುವ ಗೂಡಿಗೆ ಎರಡನೆಯ ಪ್ರತಿ ಇಲ್ಲ; ಇಟ್ಟಿದ್ದರೆ ಅಳಿಸುವ ಉದ್ದೇಶವೇ ಕೆಡುತ್ತಿತ್ತು. ಮಾಮೂಲಿ ಜೋಡಣೆಯಲ್ಲಿ ಮೊದಲ ಗೂಡು ಶುರುವಾಗುವುದು ಪಾರ್ಟಿಷನ್‌ನ ಆರಂಭದಿಂದ 32 ಕಿಲೋಬೈಟ್ ದೂರದಲ್ಲಿ. ಹೊಸ ಕಡತವ್ಯವಸ್ಥೆಯೊಂದು ತನ್ನ ಲೆಕ್ಕಪತ್ರ ಬರೆಯಲು ಮೊದಲು ಕೈಹಾಕುವ ಜಾಗ ಹೆಚ್ಚುಕಡಿಮೆ ಅದೇ. ನನ್ನ ಹತ್ತು ಸೆಕೆಂಡುಗಳ ಕಥೆ ಅಲ್ಲಿಗೆ ಮುಗಿಯಿತು.

ಎಲ್ಲ ಅವಘಡವೂ ಇಷ್ಟು ಕೆಟ್ಟದ್ದಾಗಿರುವುದಿಲ್ಲ. ಡಿಸ್ಕ್ ಭೌತಿಕವಾಗಿ ಕೆಡುತ್ತಿದ್ದರೆ ಅದರ ಮೇಲೆ ಯಾವ ರಿಪೇರಿಯನ್ನೂ ಮಾಡಹೋಗದೆ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಅದರ ಯಥಾವತ್ ನಕಲನ್ನು ಬೇರೊಂದು ಡಿಸ್ಕ್‌ಗೆ ಇಳಿಸಿಕೊಳ್ಳಬೇಕು. ಅದು ಸುಲಭವಾಗಿ ಓದಲಾಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಸೆಕ್ಟರ್‌ಗಳಿಗೆ ಆಮೇಲೆ ಬರುತ್ತದೆ, ಎಲ್ಲಿಯವರೆಗೆ ಬಂತೆಂಬ ನಕ್ಷೆಯನ್ನೂ ಬರೆದಿಡುತ್ತದೆ. ನಕಲು ಮಾಡುವವರಿಗೆ ಪಾಸ್‌ವರ್ಡ್ ತಿಳಿಯಬೇಕಾಗಿಲ್ಲ ಎಂಬುದನ್ನು ಗಮನಿಸಿ. ಗೂಢಲಿಪಿಯನ್ನು ಗೂಢಲಿಪಿಯಾಗಿಯೇ ಎತ್ತಿಕೊಡಲು ಅಂಗಡಿಯವರಿಗೆ ಕೊಡಬಹುದು, ಬಿಡಿಸುವುದು ಮನೆಯಲ್ಲೇ. ಪಾರ್ಟಿಷನ್ ಪಟ್ಟಿ ಮಾತ್ರ ಅಳಿದಿದ್ದರೆ ಕೆಲಸ ಇನ್ನೂ ಹಗುರ. ಹೆಡರ್‌ನ ಮೊದಲ ನಾಲ್ಕು ಬೈಟ್‌ಗಳಲ್ಲಿ ಲಕ್ಸ್ ಎಂಬ ಹೆಸರೇ ರೋಮನ್ ಅಕ್ಷರಗಳಲ್ಲಿರುತ್ತದೆ, ಲಕ್ಸ್ 2ರ ಎರಡನೆಯ ಪ್ರತಿಯಲ್ಲಿ ಅದೇ ಅಕ್ಷರಗಳು ಹಿಂದುಮುಂದಾಗಿ ಇರುತ್ತವೆ. ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶ ಈ ಸಹಿಯನ್ನು ಹುಡುಕಿ ಪಾರ್ಟಿಷನ್ ಎಲ್ಲಿ ಶುರುವಾಗುತ್ತಿತ್ತೆಂದು ಹೇಳಬಲ್ಲದು.

ಪಾರ್ಟಿಷನ್ ತೆರೆದೇ ಇರುವಾಗ ಹೆಡರ್ ಅಳಿದುಹೋದರೆ ಮಾಡಬಾರದ ಕೆಲಸ ಒಂದೇ: ಯಂತ್ರವನ್ನು ರೀಸ್ಟಾರ್ಟ್ ಮಾಡುವುದು. ಕೀಲಿಕೈ ಆ ಗಳಿಗೆಯಲ್ಲಿ ಕರ್ನಲ್‌ನ ನೆನಪಿನಲ್ಲಿ ಜೀವಂತವಾಗಿರುತ್ತದೆ, ಕಡತಗಳು ಏನೂ ಆಗದಂತೆ ತೆರೆಯುತ್ತಿರುತ್ತವೆ. ಕೂಡಲೇ ಬೇರೊಂದು ಡಿಸ್ಕ್ ಚುಚ್ಚಿ ಎಲ್ಲವನ್ನೂ ನಕಲಿಸಿಕೊಳ್ಳಬೇಕು. ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟರೆ ಅಲ್ಲಿಗೆ ಮುಗಿಯಿತು.

ಇನ್ನು, ಪಾಸ್‌ವರ್ಡ್ ಸರಿಯಿದ್ದೂ ಡಿಸ್ಕ್ ತೆರೆಯದಿರುವ ಪ್ರಸಂಗಗಳು. ತಪ್ಪು ಪಾಸ್‌ವರ್ಡ್‌ಗೂ ಕೆಟ್ಟ ಗೂಡಿಗೂ ತೆರೆಯುವ ಆದೇಶ ಕೊಡುವ ಉತ್ತರ ಒಂದೇ, ಏಕೆಂದರೆ ಬಂದ ಕೀಲಿಕೈ ಸರಿಯೋ ಅಲ್ಲವೋ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ, ಯಾಕೆ ತಪ್ಪಾಯಿತೆಂದು ತಿಳಿಯುವುದಿಲ್ಲ. ಹೀಗಾಗಿ ಹೆಡರ್ ಕೆಟ್ಟಿದೆ ಎಂದು ಕೈಚೆಲ್ಲುವ ಮುನ್ನ ಕೀಬೋರ್ಡನ್ನು ಅನುಮಾನಿಸುವುದು ಒಳ್ಳೆಯದು. ಪಾಸ್‌ವರ್ಡನ್ನು ಕಡತವೊಂದರಲ್ಲಿ ಬರೆದಿಟ್ಟು ಆ ಕಡತದಿಂದಲೇ ಡಿಸ್ಕ್ ತೆರೆಯುವವರು ಸಾಲಿನ ಕೊನೆಯ ಎಂಟರ್ ಕೂಡ ಒಂದು ಬೈಟ್ ಎಂಬುದನ್ನು ಮರೆಯುತ್ತಾರೆ. ಲಕ್ಸ್ 2 ಪಾಸ್‌ವರ್ಡನ್ನು ಅರೆಯಲು ಬಳಸುವ ಆರ್ಗಾನ್ 2 ವಿಧಾನ, ಊಹಿಸಿ ನೋಡುವವರಿಗೆ ದುಬಾರಿಯಾಗಲೆಂದೇ 1 ಗಿಗಾಬೈಟ್‌ವರೆಗೆ ರ‍್ಯಾಮ್ ಕೇಳಬಹುದು; ದೊಡ್ಡ ಯಂತ್ರದಲ್ಲಿ ಸಿದ್ಧಪಡಿಸಿದ ಡಿಸ್ಕ್ ಅಂಗೈಯಗಲದ ಪುಟ್ಟ ಗಣಕದಲ್ಲಿ ತೆರೆಯದಿದ್ದರೆ ಕಾರಣ ಅದೇ ಇರಬಹುದು.

ಕನ್ನಡದಲ್ಲಿ ಬರೆಯುವವರಿಗೆ ಎದುರಾಗಬಹುದಾದ ತೊಡಕೊಂದಿದೆ. ಕನ್ನಡದ ವಾಕ್ಯವನ್ನೇ ಪಾಸ್‌ವರ್ಡ್ ಮಾಡಿಕೊಂಡರೆ ಯಾರು ಊಹಿಸಿಯಾರು ಎಂದು ನನಗೂ ಒಮ್ಮೆ ಅನ್ನಿಸಿತ್ತು. ಆದರೆ ಲಕ್ಸ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. 'ಕೊ' ಎಂಬ ಅಕ್ಷರವನ್ನು ಯುನಿಕೋಡ್‌ನಲ್ಲಿ ಕಕಾರಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಸೇರಿಸಿಯೂ ಬರೆಯಬಹುದು; ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳ ಲೆಕ್ಕದಲ್ಲಿ ಬೇರೆ ಬೇರೆ. ಒಂದು ಕೀಬೋರ್ಡ್ ತಂತ್ರಾಂಶ ಒಂದು ಬಗೆ, ಇನ್ನೊಂದು ಇನ್ನೊಂದು ಬಗೆಯಲ್ಲಿ ಬರೆದರೆ ಬೀಗ ತೆರೆಯುವುದಿಲ್ಲ. ಸಾಲದ್ದಕ್ಕೆ, ಯಂತ್ರ ಬೂಟ್ ಆಗುವಾಗ ಪಾಸ್‌ವರ್ಡ್ ಕೇಳುವ ಹಂತದಲ್ಲಿ ಕನ್ನಡದ ಕೀಬೋರ್ಡ್ ಸಾಮಾನ್ಯವಾಗಿ ಇರುವುದೇ ಇಲ್ಲ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಮೇಲು, ಅಭಿಮಾನಕ್ಕೆ ಸ್ವಲ್ಪ ನೋವಾದರೂ.

ಇಷ್ಟಕ್ಕೆಲ್ಲ ಇರುವ ಮದ್ದು ಹೆಡರ್‌ನ ಬ್ಯಾಕಪ್. ಲಕ್ಸ್ ಅನ್ನು ನಿರ್ವಹಿಸುವ ಕ್ರಿಪ್ಟ್‌ಸೆಟಪ್ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಆದೇಶವಿದೆ, 16 ಮೆಗಾಬೈಟ್‌ನ ಒಂದು ಕಡತ ಸಿಗುತ್ತದೆ, ಕೆಲಸ ಒಂದು ನಿಮಿಷದ್ದೂ ಅಲ್ಲ. ಆ ಕಡತವನ್ನು ಅದೇ ಎನ್‌ಕ್ರಿಪ್ಟ್ ಆದ ಡಿಸ್ಕ್‌ನೊಳಗೆ ಇಡುವವರೂ ಇದ್ದಾರೆ, ಬೀರುವಿನ ಕೀಲಿಕೈಯನ್ನು ಬೀರುವಿನಲ್ಲೇ ಇಟ್ಟು ಬಾಗಿಲು ಮುಚ್ಚಿದ ಹಾಗೆ. ಎರಡನೆಯ ಎಚ್ಚರಿಕೆ ಹೆಚ್ಚು ಸೂಕ್ಷ್ಮವಾದದ್ದು. ಬ್ಯಾಕಪ್ ಎಂದರೆ ಆ ದಿನದ ಗೂಡುಗಳ ಪ್ರತಿ. ನಾಳೆ ಪಾಸ್‌ವರ್ಡ್ ಬದಲಿಸಿದರೂ ಮೂಲ ಕೀಲಿಕೈ ಬದಲಾಗುವುದಿಲ್ಲವಾದ್ದರಿಂದ, ಹಳೆಯ ಬ್ಯಾಕಪ್ ಮತ್ತು ಹಳೆಯ ಪಾಸ್‌ವರ್ಡ್ ಎರಡೂ ಕೈಗೆ ಸಿಕ್ಕವರಿಗೆ ಡಿಸ್ಕ್ ಇಂದಿಗೂ ತೆರೆಯುತ್ತದೆ. ಪಾಸ್‌ವರ್ಡ್ ನಿಜವಾಗಿಯೂ ಸೋರಿದ್ದರೆ ಮೂಲ ಕೀಲಿಕೈಯನ್ನೇ ಬದಲಿಸಿ ಇಡೀ ಡಿಸ್ಕನ್ನು ಹೊಸದಾಗಿ ಎನ್‌ಕ್ರಿಪ್ಟ್ ಮಾಡಬೇಕು. ಲಕ್ಸ್ 2ರಲ್ಲಿ ಇದನ್ನು ಡಿಸ್ಕ್ ಬಳಕೆಯಲ್ಲಿರುವಾಗಲೇ ಮಾಡಬಹುದು.

ನನ್ನ ಈಗಿನ ಲ್ಯಾಪ್‌ಟಾಪಿನ ಹೆಡರ್ ಎರಡು ಪೆನ್ ಡ್ರೈವ್‌ಗಳಲ್ಲಿದೆ, ಒಂದು ನನ್ನ ಮೇಜಿನಲ್ಲಿ, ಇನ್ನೊಂದು ಊರಿನಲ್ಲಿ ಅಕ್ಕನ ಮನೆಯಲ್ಲಿ. ಎರಡಕ್ಕೂ ಚೀಟಿ ಅಂಟಿಸಿ ಡಿಸ್ಕ್‌ನ ಗುರುತಿನ ಸಂಖ್ಯೆಯ ಮೊದಲ ಎಂಟು ಅಕ್ಷರ ಮತ್ತು ನಕಲು ತೆಗೆದ ತಾರೀಖು ಬರೆದಿದ್ದೇನೆ, ಒಂದರ ಹೆಡರನ್ನು ಇನ್ನೊಂದು ಡಿಸ್ಕ್‌ಗೆ ಬರೆದು ಮತ್ತೊಂದು ಅನಾಹುತ ಮಾಡಿಕೊಳ್ಳದಿರಲೆಂದು. ಆರು ತಿಂಗಳಿಗೊಮ್ಮೆ ಮೇಜಿನಲ್ಲಿರುವುದನ್ನು ಚುಚ್ಚಿ, ಡಿಸ್ಕ್‌ಗೆ ಏನನ್ನೂ ಬರೆಯದೆ, ಆ ಹೆಡರ್ ನನ್ನ ಪಾಸ್‌ವರ್ಡನ್ನು ಒಪ್ಪುತ್ತದೆಯೇ ಎಂದಷ್ಟೇ ಕ್ರಿಪ್ಟ್‌ಸೆಟಪ್‌ನಿಂದ ಪರೀಕ್ಷಿಸುತ್ತೇನೆ. ಅಕ್ಕನ ಮನೆಯದನ್ನು ಪರೀಕ್ಷಿಸುವುದು ದೀಪಾವಳಿಗೆ ಊರಿಗೆ ಹೋದಾಗ.