ಹೊಗೆ ಒಳಗೆಳೆಯದ ಸಿಗಾರ್ ಪ್ರಿಯರಿಗೆ

ಬಾಯಿ ಮತ್ತು ಗಂಟಲಿನ ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ನಾವು ಸಿಗಾರ್ ಸೇದುವವರಿಂದ ಪದೇ ಪದೇ ಕೇಳುವ ಮಾತೊಂದಿದೆ: "ನಾನು ಹೊಗೆ ಒಳಗೆ ಎಳೆಯುವುದಿಲ್ಲ ಡಾಕ್ಟ್ರೇ, ಬಾಯಲ್ಲಿಟ್ಟು ಬಿಟ್ಟುಬಿಡುತ್ತೇನೆ." ಮಾತು ಬಹುಮಟ್ಟಿಗೆ ನಿಜ, ಅದರಿಂದ ಅವರು ಪಡೆಯುವ ಧೈರ್ಯಕ್ಕೆ ಮಾತ್ರ ಆಧಾರವಿಲ್ಲ.

ಸಿಗರೇಟಿನ ಹೊಗೆ ತುಸು ಆಮ್ಲೀಯವಾಗಿರುವುದರಿಂದ ಅದರ ನಿಕೋಟಿನ್ ಬಾಯಿಯಲ್ಲಿ ಹೆಚ್ಚು ಇಳಿಯದೆ, ಶ್ವಾಸಕೋಶವನ್ನು ತಲುಪಿದ ಮೇಲಷ್ಟೇ ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಸಿಗಾರಿನ ಎಲೆಯನ್ನಾದರೋ ಗಾಳಿಯಲ್ಲಿ ಒಣಗಿಸಿ, ರಾಶಿ ಹಾಕಿ ಹುದುಗಿಸುತ್ತಾರೆ. ಹಾಗೆ ಹದಗೊಂಡ ಎಲೆಯ ಹೊಗೆ ಕ್ಷಾರೀಯವಾಗಿದ್ದು, ಅದರಲ್ಲಿನ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಎಳೆಯುವ ಅಗತ್ಯವಿಲ್ಲದ್ದರಿಂದಲೇ ಅವರು ಎಳೆಯುವುದಿಲ್ಲ ಎನ್ನುವುದು ಹೆಚ್ಚು ಸರಿ. ಹುದುಗುವ ಹಂತದಲ್ಲಿಯೇ ಕ್ಯಾನ್ಸರ್‌ಕಾರಕವಾದ ನೈಟ್ರೋಸಮೈನ್‌ಗಳೂ ಹೆಚ್ಚುತ್ತವೆ. ದೊಡ್ಡ ಸಿಗಾರ್ ಒಂದರಲ್ಲಿ ಇಡೀ ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು, ಅದು ಉರಿದು ಮುಗಿಯಲು ಒಂದೆರಡು ಗಂಟೆ ಬೇಕಾಗಬಹುದು. ಅಷ್ಟು ಹೊತ್ತೂ ನಾಲಿಗೆ, ಕೆನ್ನೆ, ಅಂಗುಳಗಳು ಅದೇ ಹೊಗೆಯಲ್ಲಿ ನೆನೆಯುತ್ತವೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1998ರಲ್ಲಿ ಸಿಗಾರ್ ಬಗ್ಗೆಯೇ ವಿಸ್ತೃತ ವರದಿಯೊಂದನ್ನು ಹೊರತಂದಿತು. ಪ್ರತಿದಿನ ಸಿಗಾರ್ ಸೇದುವವರಲ್ಲಿ ಬಾಯಿ, ಧ್ವನಿಪೆಟ್ಟಿಗೆ, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರ್ ಹೆಚ್ಚುತ್ತದೆ ಎಂಬುದು ಅದರ ನಿರ್ಣಯ. ಹೊಗೆ ಎಳೆಯದವರಿಗೆ ಶ್ವಾಸಕೋಶದ ಅಪಾಯ ಸಿಗರೇಟ್ ಸೇದುವವರಿಗಿಂತ ಕಡಿಮೆ ಎಂಬುದನ್ನು ಒಪ್ಪಲೇಬೇಕು. ಬಾಯಿ ಮತ್ತು ಅನ್ನನಾಳಕ್ಕೆ ಆ ರಿಯಾಯಿತಿ ಇಲ್ಲ. ಅಲ್ಲಿ ಇಬ್ಬರ ಅಪಾಯವೂ ಹೆಚ್ಚುಕಡಿಮೆ ಒಂದೇ.

ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ದಿನಕ್ಕೆ ಇಪ್ಪತ್ತರಷ್ಟು ಸಿಗಾರ್ ಸೇದುತ್ತಿದ್ದವರು. 1923ರಲ್ಲಿ ಅವರ ಬಾಯಿಯಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಮುಂದಿನ 16 ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಅಂಗುಳ ಮತ್ತು ದವಡೆಯ ಭಾಗಗಳನ್ನು ತೆಗೆದುಹಾಕಿದ್ದರಿಂದ ತಿನ್ನಲೂ ಮಾತನಾಡಲೂ ಕೃತಕ ಜೋಡಣೆಯನ್ನು ಧರಿಸಬೇಕಾಯಿತು. ಮನಸ್ಸನ್ನು ಅಷ್ಟು ಬಲ್ಲವರೂ ಸಿಗಾರ್ ಬಿಡಲಿಲ್ಲ. ಅದು ಚಟವಲ್ಲ, ಬರೀ ಶೋಕಿ ಎನ್ನುವವರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು.

ನೆರೆಯ ಆಂಧ್ರದ ಕರಾವಳಿಯಲ್ಲಿ, ಮುಖ್ಯವಾಗಿ ಮಹಿಳೆಯರು, ಚುಟ್ಟಾ ಎಂಬ ಕೈಯಲ್ಲಿ ಸುತ್ತಿದ ಒರಟು ಸಿಗಾರಿನ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ರೂಢಿ ಇದೆ. ಅವರಲ್ಲಿ ಅಂಗುಳದ ಕ್ಯಾನ್ಸರ್ ಕಾಣಿಸುವುದಕ್ಕೆ ಅದೇ ಕಾರಣ.

ನನಗೆ ಹೆಚ್ಚು ಆತಂಕ ಹುಟ್ಟಿಸುವವರು ಸಿಗರೇಟ್ ಬಿಟ್ಟು, ಸುರಕ್ಷಿತವೆಂದು ನಂಬಿ ಸಿಗಾರ್ ಹಿಡಿದವರು. ಹಳೆಯ ಅಭ್ಯಾಸದಿಂದ ಅವರು ಹೊಗೆಯನ್ನು ಎದೆಯಾಳಕ್ಕೆ ಎಳೆಯುವ ಸಂಭವ ಹೆಚ್ಚು. ಆದ್ದರಿಂದ ದಿನಕ್ಕೆ ಎಷ್ಟು ಎಂದು ಕೇಳುವ ಮೊದಲು, ಹಿಂದೆ ಸಿಗರೇಟ್ ಸೇದುತ್ತಿದ್ದಿರಾ, ಒಂದೊಂದು ಸಿಗಾರ್ ಎಷ್ಟು ಹೊತ್ತು ಬಾಯಲ್ಲಿರುತ್ತದೆ ಎಂದು ವಿಚಾರಿಸುತ್ತೇನೆ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಮೂರು ವಾರ ಮೀರಿದ ಗೊಗ್ಗರು ದನಿ, ಇವುಗಳಲ್ಲಿ ಯಾವುದಿದ್ದರೂ, ನೋವಿಲ್ಲ ಎಂಬ ಕಾರಣಕ್ಕೆ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆರಂಭದ ಹಂತದಲ್ಲಿ ಬಾಯಿಯ ಕ್ಯಾನ್ಸರ್ ನೋಯುವುದು ಕಡಿಮೆ.