ಪ್ರಾಚೀನ ಅರಾಮಿಕ್: ಕೊನೆಯ ‘ಆ’ ಯಾವಾಗ ಬೇಕು?

ಮನೆ, ನೀರು, ರೊಟ್ಟಿ ಇವಕ್ಕೆ ಅರಾಮಿಕ್‌ನಲ್ಲಿ ಏನೆನ್ನುತ್ತಾರೆ ಎಂದು ಹುಡುಕುವ ಮೊದಲು, ಯಾವ ಕಾಲದ ಅರಾಮಿಕ್ ಎಂದು ಗೊತ್ತುಮಾಡಿಕೊಳ್ಳಿ. ಸುಮಾರು ಮೂರು ಸಾವಿರ ವರ್ಷದ ಭಾಷೆಯಿದು, ಇಂದಿಗೂ ಆಡುವವರಿದ್ದಾರೆ. ಈ ಟಿಪ್ಪಣಿಗೆ ನಾನು ಆರಿಸಿಕೊಂಡದ್ದು ಕ್ರಿ.ಪೂ. 5ನೇ ಶತಮಾನದ ರೂಪ: ಪರ್ಷಿಯನ್ ಸಾಮ್ರಾಜ್ಯದ ಕಚೇರಿ ಭಾಷೆ. ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕ ಪಪೈರಸ್ ಪತ್ರಗಳಲ್ಲಿ ಮನೆ ಕ್ರಯ, ಮದುವೆ ಕರಾರು, ಸಾಲ ಎಲ್ಲವೂ ಇದರಲ್ಲೇ ಇವೆ.

ಮನೆ ‘ಬಯಿತ್’, ನೀರು ‘ಮಯ್ಯಿನ್’, ದಿನ ‘ಯೋಮ್’, ರಾಜ ‘ಮೆಲೆಕ್’. ಮಾತನಾಡುವವರಿಬ್ಬರಿಗೂ ಗೊತ್ತಿರುವ ನಿರ್ದಿಷ್ಟ ವಸ್ತುವಾದರೆ ಕೊನೆಗೆ ‘ಆ’ ಸೇರುತ್ತದೆ: ಬೈತಾ, ಮಯ್ಯಾ, ಯೋಮಾ, ಮಲ್ಕಾ. ಕನ್ನಡದಲ್ಲಿ ‘ನೀರು ಕುಡಿದೆ’, ‘ನೀರನ್ನು ಕುಡಿದೆ’ ಎಂಬೆರಡರ ನಡುವೆ ನಮಗೆ ಕೇಳಿಸುವ ವ್ಯತ್ಯಾಸ ಹೆಚ್ಚುಕಡಿಮೆ ಇದೇ. ಆದರೆ ಅರಾಮಿಕ್‌ಗೆ ಇದು ದ್ವಿತೀಯಾ ವಿಭಕ್ತಿಯಲ್ಲಿ ಮಾತ್ರವಲ್ಲ, ಎಲ್ಲೆಡೆಯೂ ಬೇಕು. ‘ರಾಜನ ಮನೆ’ ಎನ್ನಲು ‘ಬೇತ್ ಮಲ್ಕಾ’: ಮನೆ ಮೊದಲು, ರಾಜ ಆಮೇಲೆ, ‘ಆ’ ಕೊನೆಯ ಪದಕ್ಕೆ ಮಾತ್ರ.

ತೊಡಕು ಹುಟ್ಟುವುದು ನಿಘಂಟಿನಿಂದ. ನಂತರದ ಸಿರಿಯಾಕ್ ರೂಪದಲ್ಲಿ ಈ ‘ಆ’ ತನ್ನ ಅರ್ಥ ಕಳೆದುಕೊಂಡು ನಾಮಪದದ ಸಹಜ ಬಾಲವಾಯಿತು. ಆ ನಿಘಂಟುಗಳು ಪದಗಳನ್ನು ಕೊಡುವುದೂ ಹಾಗೆಯೇ. ಅಲ್ಲಿಂದ ಎತ್ತಿಕೊಂಡು ಎಲಿಫೆಂಟೈನ್ ಶೈಲಿಯಲ್ಲಿ ಬರೆದರೆ ಯಾವುದೋ ಒಂದು ಮನೆಯೂ ‘ಆ ಮನೆ’ಯಾಗಿಬಿಡುತ್ತದೆ.

ಕಾಲದೊಂದಿಗೆ ವ್ಯಂಜನಗಳೂ ಬದಲಾಗಿವೆ. ‘ಭೂಮಿ’ ಹಳೆಯ ಬರಹದಲ್ಲಿ ‘ಅರ್ಕಾ’. ಮುಂದೆ ಆ ಕಕಾರದ ಜಾಗಕ್ಕೆ ಗಂಟಲಿನ ‘ಅಯಿನ್’ ಬಂದು ‘ಅರ್‌ಆ’ ಆಯಿತು. ಬೈಬಲಿನ ಯೆರೆಮೀಯ 10:11 ಅರಾಮಿಕ್‌ನಲ್ಲಿದ್ದು, ಆ ಒಂದೇ ವಚನದಲ್ಲಿ ಎರಡೂ ರೂಪಗಳಿವೆ. ಇಂಥದ್ದು ಸಿಕ್ಕಾಗ ವ್ಯಾಕರಣ ಕಲಿಯುವ ಬೇಸರವೆಲ್ಲ ಹೋಗುತ್ತದೆ!

ಅಭ್ಯಾಸಕ್ಕೆ ಅಶೋಕನ ಶಾಸನಕ್ಕಿಂತ ಒಳ್ಳೆಯದು ನಮಗೆ ಬೇರೆ ಬೇಕಿಲ್ಲ. 1958ರಲ್ಲಿ ಕಂದಹಾರದಲ್ಲಿ ಪತ್ತೆಯಾದ ಗ್ರೀಕ್-ಅರಾಮಿಕ್ ಶಾಸನ ಅವನನ್ನು ‘ಮ್ರಾನ್ ಪ್ರ್ಯದ್ರ್ಶ್ ಮಲ್ಕಾ’ ಎನ್ನುತ್ತದೆ. ‘ಮ್ರಾ’ ಒಡೆಯ, ‘ನ್’ ನಮ್ಮ, ನಡುವಿನದು ಪ್ರಿಯದರ್ಶಿ, ಕೊನೆಗೆ ‘ಆ’ ಹೊತ್ತ ರಾಜ. ಸ್ವರ ಬರೆಯದ ಲಿಪಿಯಾದ್ದರಿಂದ ಹೆಸರು ಹಾಗೆ ಒಣಗಿ ಕಾಣುತ್ತದೆ. ಆ ಲಿಪಿಯಿಂದ ಬಂದದ್ದೆಂದು ವಿದ್ವಾಂಸರು ಒಪ್ಪುವ ಖರೋಷ್ಠಿ ಚಿತ್ರದುರ್ಗ ಜಿಲ್ಲೆಯಲ್ಲೂ ಇದೆ: ಬ್ರಹ್ಮಗಿರಿಯ ಬ್ರಾಹ್ಮೀ ಶಾಸನದ ಕೊನೆಯಲ್ಲಿ ಬರೆದವನಾದ ಚಪಡ ‘ಲಿಪಿಕಾರ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊರೆದಿದ್ದಾನೆ.